ಸತ್ತ ಬ್ಯಾಟರಿಯನ್ನು ಬದುಕಿಸುವ ವಿದ್ಯೆ: ಆಟದ ಕಾರುಗಳ ಸಂಚಯಕ ಕೋಶಗಳ ಚರಿತ್ರೆಯಲ್ಲಿ ಒಂದು ಸಮಸ್ಯೆ

1

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಕೆಂಚನಗುಡ್ಡವು ತುಂಗಭದ್ರೆಯ ದಡದ ಗ್ರಾಮ. ವಿಜಯನಗರದ ಅರಸರ ಕಾಲದಿಂದ ನದಿಯ ನೀರು ಕಾಲುವೆಗಳಲ್ಲಿ ಹರಿದು ಈ ಭಾಗದ ಗದ್ದೆಗಳನ್ನು ತಣಿಸುತ್ತ ಬಂದಿದೆ. ಆ ಕಾಲುವೆಗಳನ್ನು ನೋಡಲೆಂದು ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿದ್ದಾಗ ನಮ್ಮ ಕಣ್ಣಿಗೆ ಬಿದ್ದ ಒಂದು ಚಿಕ್ಕ ಸಂಗತಿಯೇ ಪ್ರಕೃತ ಲೇಖನಕ್ಕೆ ಕಾರಣವಾಯಿತು.

ನಾವು ನೀರು ಕುಡಿಯಲು ನಿಂತ ಮನೆಯ ಕಟ್ಟೆಯ ಮೇಲೆ ಟಾರ್ಚಿನ ಎರಡು ಸೆಲ್ಲುಗಳನ್ನು ಬಿಸಿಲಿಗೆ ಇಟ್ಟಿದ್ದರು. ಅವುಗಳ ಪಕ್ಕದಲ್ಲಿ ರೇಡಿಯೋ ಅಲೆಗಳಿಂದ ನಡೆಯುವ ಆಟದ ಕಾರುಗಳ ಎರಡು ಬ್ಯಾಟರಿಗಳೂ ಇದ್ದುವು. ಒಂದು ಹಳೆಯದು; ನಾಲ್ಕು ಚಿಕ್ಕ ಕೋಶಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ನಿಕ್ಕಲ್-ಕ್ಯಾಡ್ಮಿಯಂ ಕಟ್ಟು. ಇನ್ನೊಂದು ಹೊಸ ಕಾರಿನ ಲಿಥಿಯಂ ಬ್ಯಾಟರಿ. "ತಾತಾ, ಬ್ಯಾಟ್ರಿ ಸತ್ತೈತಿ" ಎಂದು ಹುಡುಗ ಅಳುಮೋರೆ ಮಾಡಿದ್ದನು. "ಬಿಸಿಲಿಗೆ ಇಟ್ಟೀನಿ ಬಿಡು, ಬದುಕ್ತೈತಿ" ಎಂದು ತಾತ ಸಮಾಧಾನ ಹೇಳಿದರು. ಪಕ್ಕದ ಮನೆಯ ತರುಣನೊಬ್ಬನು ಬೇರೆ ಎರಡು ಉಪಾಯಗಳನ್ನು ಸೂಚಿಸಿದನು: ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿ ಮತ್ತೆ ತುಂಬಬೇಕು, ಅದಕ್ಕೂ ಬಗ್ಗದಿದ್ದರೆ ದೊಡ್ಡ ಬ್ಯಾಟರಿಯ ತಂತಿಗಳನ್ನು ಒಂದು ಕ್ಷಣ ಅದಕ್ಕೆ ತಾಗಿಸಬೇಕು.

ಬಿಸಿಲು, ಪೂರ್ಣ ವಿಸರ್ಜನೆ, ಪೆಟ್ಟು ಎಂಬ ಈ ಮೂರು ಚಿಕಿತ್ಸೆಗಳನ್ನು ಮೂಢನಂಬಿಕೆಗಳೆಂದು ತಳ್ಳಿಹಾಕುವುದು ಸುಲಭ. ಆದರೆ ಒಂದೊಂದಕ್ಕೂ ಒಂದೊಂದು ಹುಟ್ಟಿದ ಕಾಲವಿದೆ, ಆ ಕಾಲದಲ್ಲಿ ಅದಕ್ಕೆ ತಕ್ಕ ಕಾರಣವೂ ಇತ್ತು. ಬೇರೆ ಬೇರೆ ಕಾಲದ ಶಾಸನಗಳನ್ನು ಒಂದೇ ಕಾಲದವೆಂದು ಓದಿದರೆ ಆಗುವ ಪ್ರಮಾದವೇ ಇಲ್ಲಿಯೂ ಆಗುತ್ತಿದೆ ಎಂಬುದು ನಮ್ಮ ಅಭಿಪ್ರಾಯ. ಅದನ್ನು ಮುಂದೆ ಪರಿಶೀಲಿಸುತ್ತೇವೆ.

2

ಮೊದಲು ಹೆಸರಿನ ವಿಚಾರ. 'ಬ್ಯಾಟರಿ' ಎಂಬ ಶಬ್ದವು ಮೂಲತಃ ಫಿರಂಗಿಗಳ ಸಾಲಿಗೆ ಸಲ್ಲುತ್ತಿತ್ತು. 18ನೆಯ ಶತಮಾನದ ನಡುವೆ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ವಿದ್ಯುತ್ತನ್ನು ಹಿಡಿದಿಡುವ ಗಾಜಿನ ಜಾಡಿಗಳ ಸಾಲನ್ನು ಆ ಹೆಸರಿನಿಂದ ಕರೆದನು. 1800ರಲ್ಲಿ ಇಟಲಿಯ ವೋಲ್ಟಾ ಲೋಹದ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ ಎಡೆಬಿಡದೆ ಹರಿಯುವ ವಿದ್ಯುತ್ತನ್ನು ಪಡೆದ ಮೇಲೆ ಅದೇ ಹೆಸರು ಅದಕ್ಕೂ ಬಂದಿತು. ನಮ್ಮ ಹಳ್ಳಿಗಳಲ್ಲಿ ಈ ಶಬ್ದ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು; 'ಬ್ಯಾಟ್ರಿ' ಎಂದರೆ ಅಲ್ಲಿ ಕೈದೀಪವೇ ಆಯಿತು, ಒಳಗಿನ ವಸ್ತು 'ಸೆಲ್ಲು' ಎನಿಸಿಕೊಂಡಿತು. ಹೀಗೆ ಹೆಸರು ನಿಂತಿದೆ, ವಸ್ತು ಬದಲಾಗುತ್ತಲೇ ಬಂದಿದೆ.

ಕೈದೀಪದ ಸೆಲ್ಲು ಫ್ರಾನ್ಸಿನ ಲೆಕ್ಲಾಂಶೆ 1866ರಲ್ಲಿ ರೂಪಿಸಿದ ಕೋಶದ ಸಂತತಿಯದು. ಇದರಲ್ಲಿ ಸತುವು ಕರಗಿ ವಿದ್ಯುತ್ತಾಗುತ್ತದೆ. ಕರಗಿದ ಸತುವನ್ನು ಹಿಂದಕ್ಕೆ ತರುವ ಏರ್ಪಾಡು ಅದರಲ್ಲಿಲ್ಲ. ಹಾಗಿದ್ದರೂ ಬಿಸಿಲಿಗೆ ಇಟ್ಟ ಸೆಲ್ಲು ಸ್ವಲ್ಪ ಹೊತ್ತು ಮತ್ತೆ ಬೆಳಗುವುದು ನಿಜ. ಕೋಶಕ್ಕೆ ವಿಶ್ರಾಂತಿ ದೊರೆತಾಗ ಒಳಗೆ ಕಟ್ಟಿಕೊಂಡಿದ್ದ ಅಡಚಣೆ ಕೊಂಚ ಕಳೆಯುತ್ತದೆ. ಕಾವಿನಿಂದ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ. ಇದು ಹೊಸದಾಗಿ ತುಂಬುವುದಲ್ಲ, ತಳದಲ್ಲಿ ಉಳಿದದ್ದನ್ನು ಬಳಿದು ತೆಗೆಯುವುದು. ಮಿತವ್ಯಯದ ಮನೆಗಳಲ್ಲಿ ಇದು ಸಹಜವಾದ ಪದ್ಧತಿ, ಅದರಿಂದ ಹೆಚ್ಚಿನ ಅಪಾಯವೂ ಇರಲಿಲ್ಲ. ಮೊದಲನೆಯ ಚಿಕಿತ್ಸೆಯ ಮೂಲ ಇದು.

ಮತ್ತೆ ಮತ್ತೆ ತುಂಬಬಹುದಾದ ಕೋಶವನ್ನು, ಎಂದರೆ ಸಂಚಯಕ ಕೋಶವನ್ನು, 1859ರಲ್ಲಿ ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ ಸಿದ್ಧಪಡಿಸಿದನು. ಗಂಧಕಾಮ್ಲದಲ್ಲಿ ಮುಳುಗಿಸಿದ ಸೀಸದ ತಗಡುಗಳು ಅದರ ಅಂಗಗಳು. 1881ರಲ್ಲಿ ಕಾಮಿಲ್ ಫೌರ್ ಸೀಸದ ಸಂಯುಕ್ತಗಳನ್ನು ತಗಡಿಗೆ ಮೆತ್ತುವ ಕ್ರಮವನ್ನು ಕಂಡುಹಿಡಿದ ಮೇಲೆ ಅದನ್ನು ಹೇರಳವಾಗಿ ತಯಾರಿಸುವುದು ಸಾಧ್ಯವಾಯಿತು.

ಕರ್ನಾಟಕದ ಹಳ್ಳಿಗಳಿಗೆ ಈ ಸೀಸದ ಸಂಚಯಕದ ಪರಿಚಯವಾದ ದಾರಿಗಳಲ್ಲಿ ರೇಡಿಯೋ ಒಂದು. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 'ಆಕಾಶವಾಣಿ'ಯನ್ನು ಆರಂಭಿಸಿದರು. 1938ರಲ್ಲಿ ಮದರಾಸಿನಲ್ಲಿ ಅಖಿಲ ಭಾರತ ರೇಡಿಯೋ ನಿಲಯ ಸ್ಥಾಪಿತವಾಯಿತು. ಬಳ್ಳಾರಿ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದಿತು, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ವಿದ್ಯುತ್ತಿನ ತಂತಿ ಬಾರದ ಊರುಗಳಲ್ಲಿ ಕವಾಟದ ರೇಡಿಯೋ ಕೇಳಬೇಕಾದರೆ ಸಂಚಯಕ ಬೇಕು. ಅದು ಬರಿದಾದಾಗ ವಿದ್ಯುತ್ತು ಇರುವ ಪಟ್ಟಣಕ್ಕೆ ಹೊತ್ತೊಯ್ದು ತುಂಬಿಸಿ ತರಬೇಕು. 'ಚಾರ್ಜು ಮಾಡಿಸು' ಎಂಬ ಮಾತು ನಮ್ಮ ಆಡುನುಡಿಯಲ್ಲಿ ಬೇರೂರಿದ್ದು ಇಂತಹ ತಿರುಗಾಟಗಳಿಂದ ಎಂದು ಊಹಿಸಬಹುದು. ಮುಂದೆ ಬಸ್ಸು, ಲಾರಿ, ಟ್ರಾಕ್ಟರುಗಳ ಬ್ಯಾಟರಿಗಳು ಆ ಅಂಗಡಿಗಳಿಗೆ ಕೆಲಸವನ್ನು ಒದಗಿಸಿದುವು. 2001ರಲ್ಲಿ ಬೆಂಗಳೂರಿನಲ್ಲಿ ತಯಾರಾಗಿ ಮಾರುಕಟ್ಟೆಗೆ ಬಂದ 'ರೇವಾ' ವಿದ್ಯುತ್ ಕಾರು ಸಹ ಮೊದಲು ಓಡಿದ್ದು ಆರಾರು ವೋಲ್ಟಿನ ಎಂಟು ಸೀಸದ ಬ್ಯಾಟರಿಗಳ ಬಲದಿಂದಲೇ.

ಸೀಸದ ಸಂಚಯಕವನ್ನು ಬರಿದಾದ ಸ್ಥಿತಿಯಲ್ಲಿಯೇ ಬಹುಕಾಲ ಬಿಟ್ಟರೆ ತಗಡುಗಳ ಮೇಲೆ ಸೀಸದ ಸಲ್ಫೇಟಿನ ಗಟ್ಟಿ ಹರಳುಗಳು ಕಟ್ಟುತ್ತವೆ. ಅನುಭವಿಯಾದ ಮೇಸ್ತ್ರಿಯು ಬಟ್ಟಿ ಇಳಿಸಿದ ನೀರನ್ನು ತುಂಬಿ, ಅಲ್ಪ ಪ್ರವಾಹವನ್ನು ದೀರ್ಘಕಾಲ ಹಾಯಿಸಿ, ಆಮ್ಲದ ಸಾಂದ್ರತೆ 1.250ರ ಆಸುಪಾಸಿಗೆ ಏರುವುದನ್ನು ತೇಲುಮಾಪಕದಿಂದ ನೋಡುತ್ತ, ಅದನ್ನು ಒಂದಿಷ್ಟಾದರೂ ಸರಿಪಡಿಸಬಲ್ಲನು. ಸತ್ತ ಬ್ಯಾಟರಿ ಬದುಕುತ್ತದೆ ಎಂಬ ನಂಬಿಕೆಗೆ ಇದು ದೃಢವಾದ ಆಧಾರ. ಇಲ್ಲಿ ಗಮನಿಸತಕ್ಕದ್ದು, ಮೇಸ್ತ್ರಿಯ ವಿದ್ಯೆಯೆಲ್ಲ ಅಳತೆ ಮತ್ತು ತಾಳ್ಮೆಗಳಲ್ಲಿತ್ತು ಎಂಬುದು. ವಿದ್ಯೆ ಮುಂದಿನ ತಲೆಮಾರಿಗೆ ಬರುವಾಗ ನಂಬಿಕೆ ಉಳಿಯಿತು, ಅಳತೆ ಜಾರಿಹೋಯಿತು.

3

ರೇಡಿಯೋ ಅಲೆಗಳಿಂದ ದೂರದ ವಾಹನವನ್ನು ನಡೆಸುವ ಪ್ರಯೋಗ ಆಟಿಕೆಗಳಿಗಿಂತ ಬಹಳ ಹಳೆಯದು. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಒಂದು ಚಿಕ್ಕ ದೋಣಿಯನ್ನು ಹೀಗೆ ನಡೆಸಿ ತೋರಿಸಿದನು. ಅದರ ಹೊಟ್ಟೆಯಲ್ಲಿಯೂ ಸಂಚಯಕಗಳಿದ್ದುವು. ಆದರೆ ನೀರಿನಲ್ಲಿ ತೇಲುವ ದೋಣಿ ಸೀಸದ ಭಾರವನ್ನು ಹೊರಬಲ್ಲುದು. ಅಂಗೈಯಗಲದ ಕಾರು ಹೊರಲಾರದು. ಆದ್ದರಿಂದ ಆಟದ ಕಾರಿಗೆ ಬೇರೆ ಕೋಶ ಬೇಕಾಗಿತ್ತು.

ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿಯೇ ನಿಕ್ಕಲ್-ಕ್ಯಾಡ್ಮಿಯಂ ಸಂಚಯಕವನ್ನು ನಿರ್ಮಿಸಿದ್ದನು. ಆದರೆ ತುಂಬುವಾಗ ಅನಿಲ ಹೊರಡುತ್ತಿದ್ದುದರಿಂದ ಅದನ್ನು ಮುಚ್ಚಿಡುವಂತಿರಲಿಲ್ಲ. ಅನಿಲವು ಒಳಗೇ ಮರಳಿ ಸೇರುವಂತೆ ಮಾಡಿ ಪೂರ್ತಿ ಮುಚ್ಚಿದ ಕೋಶವನ್ನು ತಯಾರಿಸುವುದು 1947ರ ಸುಮಾರಿಗೆ ಸಾಧ್ಯವಾಯಿತು. ಆಗ ಮಾತ್ರ ತಲೆಕೆಳಗಾದರೂ ದ್ರವ ಚೆಲ್ಲದ ಪುಟ್ಟ ಸಂಚಯಕ ಮಕ್ಕಳ ಕೈಗೆ ಕೊಡತಕ್ಕ ವಸ್ತುವಾಯಿತು. ಟ್ರಾನ್ಸಿಸ್ಟರಿನಿಂದ ರೇಡಿಯೋ ಭಾಗವೂ ಕಿರಿದಾದ ಮೇಲೆ, 1966ರಲ್ಲಿ ಇಟಲಿಯ ಸಂಸ್ಥೆಯೊಂದು ರೇಡಿಯೋ ನಿಯಂತ್ರಿತ ವಿದ್ಯುತ್ ಕಾರಿನ ಮಾದರಿಯನ್ನು ಮಾರಾಟಕ್ಕೆ ತಂದಿತು. 1976ರಲ್ಲಿ ಜಪಾನಿನ ತಮಿಯಾ ಸಂಸ್ಥೆ ಪೋರ್ಷೆ 934 ಕಾರಿನ ಮಾದರಿಯನ್ನು ಹೊರತಂದ ಬಳಿಕ ಈ ಹವ್ಯಾಸ ಲೋಕವ್ಯಾಪಿಯಾಯಿತು.

ಒಂದು ನಿಕ್ಕಲ್-ಕ್ಯಾಡ್ಮಿಯಂ ಕೋಶದ ವಿದ್ಯುದ್ಬಲ 1.2 ವೋಲ್ಟು. ಆರು ಕೋಶಗಳನ್ನು ಸಾಲಾಗಿ ಜೋಡಿಸಿದ 7.2 ವೋಲ್ಟಿನ ಕಟ್ಟು ಪಂದ್ಯದ ಕಾರುಗಳಲ್ಲಿ ರೂಢಿಗೆ ಬಂದಿತು. ಓಟವೆಲ್ಲ ಕೆಲವೇ ನಿಮಿಷಗಳದು. ಅದರ ಅವಧಿಯನ್ನು ನಿರ್ಧರಿಸಿದ್ದು ಈ ಕಟ್ಟಿನ ಸಾಮರ್ಥ್ಯ. ಆದುದರಿಂದ ಹವ್ಯಾಸಿಗಳು ತುಂಬುವ ಕ್ರಮವನ್ನೇ ಒಂದು ಕಲೆಯನ್ನಾಗಿ ಬೆಳೆಸಿದರು. ಮೊದಮೊದಲು ದೊಡ್ಡ ಕಾರಿನ 12 ವೋಲ್ಟಿನ ಬ್ಯಾಟರಿಯಿಂದ, ಗಡಿಯಾರ ನೋಡುತ್ತ, ಹದಿನೈದು ನಿಮಿಷದಲ್ಲಿ ತುಂಬುತ್ತಿದ್ದರು. ಕೋಶ ತುಂಬಿದ ಕ್ಷಣದಲ್ಲಿ ಅದರ ವೋಲ್ಟು ಕೊಂಚ ಇಳಿಯುತ್ತದೆ ಎಂಬ ಗುಣವನ್ನು ಬಳಸಿ, ಆ ಇಳಿತವನ್ನು ಗುರುತಿಸಿ ತಾವಾಗಿಯೇ ನಿಲ್ಲುವ ಚಾರ್ಜರುಗಳು ಅನಂತರ ಬಂದುವು. ದೊಡ್ಡ ಪ್ರವಾಹವನ್ನು ಒಂದು ಕ್ಷಣ ಹಾಯಿಸಿ ಕೋಶದ ಒಳತಡೆಯನ್ನು ಕಡಿಮೆಮಾಡುವ ಪದ್ಧತಿಯನ್ನೂ ಪಂದ್ಯದವರು ರೂಢಿಸಿಕೊಂಡರು. ಹಳೆಯ ಕೋಶದಲ್ಲಿ ಲೋಹದ ಎಳೆಗಳು ಬೆಳೆದು ಎರಡು ಧ್ರುವಗಳೂ ಒಳಗೇ ಕೂಡಿಕೊಂಡಿದ್ದರೆ ಇಂಥ ಪೆಟ್ಟಿನಿಂದ ಆ ಎಳೆ ಉರಿದುಹೋಗಿ ಕೋಶ ಎಚ್ಚರಗೊಳ್ಳುವುದುಂಟು. ಕೆಂಚನಗುಡ್ಡದ ತರುಣನು ಹೇಳಿದ ಪೆಟ್ಟಿನ ಚಿಕಿತ್ಸೆಗೆ ಮೂಲ ಇಲ್ಲಿದೆ. ಆದರೆ ಎಳೆ ಹಾದುಹೋದ ಪರದೆ ಗಾಯಗೊಂಡೇ ಇರುತ್ತದೆ. ಹಾಗೆ ಬದುಕಿದ ಕೋಶ ತುಂಬಿದ್ದನ್ನು ಬಹಳ ದಿನ ಹಿಡಿದಿಡಲಾರದು.

4

ಇನ್ನು ಪೂರ್ಣ ವಿಸರ್ಜನೆಯ ಚಿಕಿತ್ಸೆಯ ವಿಚಾರ. ನಿಕ್ಕಲ್-ಕ್ಯಾಡ್ಮಿಯಂ ಕೋಶಕ್ಕೆ 'ನೆನಪು' ಉಂಟು, ಅರ್ಧ ಬಳಸಿ ತುಂಬಿದರೆ ಅದು ಅರ್ಧವನ್ನೇ ತನ್ನ ಪೂರ್ಣ ಸಾಮರ್ಥ್ಯವೆಂದು ನೆನಪಿಟ್ಟುಕೊಳ್ಳುತ್ತದೆ, ಆದುದರಿಂದ ಪ್ರತಿಸಲವೂ ಪೂರ್ತಿ ಬರಿದುಮಾಡಬೇಕು ಎಂದು ಹವ್ಯಾಸಿಗಳು ಹೇಳುತ್ತ ಬಂದಿದ್ದಾರೆ. ಈ ಹೇಳಿಕೆಯ ಆಕರವನ್ನು ಹುಡುಕಿದರೆ ನಾವು ಆಟದ ಬಯಲಿನಿಂದ ಅಂತರಿಕ್ಷಕ್ಕೆ ಹೋಗಬೇಕಾಗುತ್ತದೆ.

'ನೆನಪು' ಮೊದಲು ಚರ್ಚೆಗೆ ಬಂದದ್ದು ಅಮೆರಿಕದ ಕೃತಕ ಉಪಗ್ರಹಗಳ ಬ್ಯಾಟರಿಗಳಲ್ಲಿ. ಭೂಮಿಯನ್ನು ಸುತ್ತುವ ಉಪಗ್ರಹವು ಬಿಸಿಲಿನಲ್ಲಿ ಬ್ಯಾಟರಿಯನ್ನು ತುಂಬಿ ನೆರಳಿನಲ್ಲಿ ಬಳಸುತ್ತದೆ. 1975ರ ಏಪ್ರಿಲ್ 19ರಂದು ಹಾರಿದ ನಮ್ಮ 'ಆರ್ಯಭಟ'ವು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾದದ್ದು. ಅದರಲ್ಲಿದ್ದದ್ದೂ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯೇ. ಅದು ಸುಮಾರು 96 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತಿತ್ತು. ಇಂತಹ ಕಕ್ಷೆಯಲ್ಲಿ ಬಳಕೆಯೂ ಭರ್ತಿಯೂ ಸಾವಿರಾರು ಸಲ ಒಂದೇ ಅಳತೆಯಲ್ಲಿ, ಒಂದೇ ಹೊತ್ತಿಗೆ ನಡೆಯುತ್ತವೆ. ಅಷ್ಟು ಕಟ್ಟುನಿಟ್ಟಾದ ಪುನರಾವೃತ್ತಿಯಲ್ಲಿ ಕಂಡುಬಂದ ದೋಷ ಅದು. ಕೆಂಚನಗುಡ್ಡದ ಹುಡುಗನು ಒಂದು ದಿನ ಹತ್ತು ನಿಮಿಷ ಆಡುತ್ತಾನೆ, ಮರುದಿನ ಮರೆಯುತ್ತಾನೆ, ಹಬ್ಬದ ದಿನ ಊಟವನ್ನೂ ಬಿಟ್ಟು ಆಡುತ್ತಾನೆ. ಅವನ ಬ್ಯಾಟರಿಗೆ ಉಪಗ್ರಹದ ರೋಗ ತಗಲುವ ಸಂಭವ ತೀರ ಕಡಿಮೆ.

ಹಾಗಾದರೆ ಅವನ ಕಾರು ಬೇಗನೆ ನಿಲ್ಲುವುದೇಕೆ? ಇದಕ್ಕೆ ಲೆಕ್ಕವೇ ಉತ್ತರ ಹೇಳುತ್ತದೆ. ಹಳೆಯ ಕಟ್ಟಿನ ಮೇಲೆ 4.8 ವೋಲ್ಟು, 700 ಮಿಲಿಆಂಪಿಯರ್-ಗಂಟೆ ಎಂದು ಬರೆದಿತ್ತು; ಚಾರ್ಜರಿನ ಮೇಲೆ 250 ಮಿಲಿಆಂಪಿಯರ್ ಎಂದಿತ್ತು. ತುಂಬುವಾಗ ಆಗುವ ನಷ್ಟಕ್ಕಾಗಿ ಸಾಮರ್ಥ್ಯವನ್ನು 1.4ರಿಂದ ಗುಣಿಸಿ ಚಾರ್ಜರಿನ ಪ್ರವಾಹದಿಂದ ಭಾಗಿಸಿದರೆ ಸುಮಾರು ನಾಲ್ಕು ಗಂಟೆ ಬರುತ್ತದೆ. ತಾನಾಗಿ ನಿಲ್ಲುವ ವ್ಯವಸ್ಥೆ ಆ ಚಾರ್ಜರಿನಲ್ಲಿರಲಿಲ್ಲ. ಮನೆಯವರು ಅದನ್ನು ಸಂಜೆ ಚುಚ್ಚಿ ಬೆಳಿಗ್ಗೆ ಕೀಳುತ್ತಿದ್ದರು. ಮಿಕ್ಕ ಎಂಟು ಗಂಟೆಗಳ ಪ್ರವಾಹವೆಲ್ಲ ಕಾವಾಗಿ ಪರಿಣಮಿಸುತ್ತದೆ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯ ಸೆಕೆ ಇದಕ್ಕೆ ಸೇರಿಕೊಳ್ಳುತ್ತದೆ. ಇಂತಹ ಅತಿಭರ್ತಿಯಿಂದ ಕೋಶದೊಳಗಿನ ಹರಳುಗಳು ದಪ್ಪನಾಗಿ, ಬಳಸುವಾಗ ವೋಲ್ಟು ಬೇಗ ಕುಸಿಯುತ್ತದೆ. 'ನೆನಪು' ಎಂದು ಜನ ಕರೆಯುವುದರಲ್ಲಿ ಬಹುಭಾಗ ಇದೇ ಎಂದು ನಾವು ತಿಳಿಯುತ್ತೇವೆ. ರೋಗದ ಕಾರಣ ಅರೆಬಳಕೆಯಲ್ಲ, ಮಿತಿಮೀರಿದ ಉಪಚಾರ.

ಈ ರೋಗಕ್ಕೆ ವಿಸರ್ಜನೆ ಒಂದು ಮಟ್ಟಿಗೆ ಮದ್ದೂ ಹೌದು. ಒಂದು ಕೋಶಕ್ಕೆ 1 ವೋಲ್ಟಿನಂತೆ, ನಾಲ್ಕರ ಕಟ್ಟಿಗೆ 4 ವೋಲ್ಟಿನವರೆಗೆ ಮಾತ್ರ ಇಳಿಸಿ, ಸಾಮರ್ಥ್ಯದ ಹತ್ತನೆಯ ಒಂದು ಪಾಲಿನ ಪ್ರವಾಹದಿಂದ (ಇಲ್ಲಿ 70 ಮಿಲಿಆಂಪಿಯರ್) 14ರಿಂದ 16 ಗಂಟೆ ತುಂಬಿ, ಇದನ್ನು ಎರಡು ಮೂರು ಸಲ ಮಾಡಿದರೆ ಕುಸಿದ ವೋಲ್ಟು ಬಹುಮಟ್ಟಿಗೆ ಮರಳುತ್ತದೆ. ಆದರೆ ಚಕ್ರ ತೀರ ನಿಲ್ಲುವವರೆಗೆ ಓಡಿಸುವುದಾಗಲಿ, ಬಲ್ಬು ಕಟ್ಟಿ ರಾತ್ರಿಯೆಲ್ಲ ಬಿಡುವುದಾಗಲಿ ಬೇರೆಯೇ ಅನರ್ಥಕ್ಕೆ ದಾರಿ. ಸಾಲಾಗಿ ಜೋಡಿಸಿದ ಕೋಶಗಳಲ್ಲಿ ದುರ್ಬಲವಾದದ್ದು ಮೊದಲು ಬರಿದಾಗುತ್ತದೆ. ಮಿಕ್ಕವು ತಮ್ಮ ಪ್ರವಾಹವನ್ನು ಅದರ ಮೂಲಕವೇ ನೂಕಿ ಅದರ ಧನವನ್ನು ಋಣವನ್ನಾಗಿಯೂ ಋಣವನ್ನು ಧನವನ್ನಾಗಿಯೂ ತಿರುಗಿಸುತ್ತವೆ. ಹೀಗೆ ಧ್ರುವ ಪಲ್ಲಟವಾದ ಕೋಶ ಕೆಡುತ್ತದೆ. ಉಪಗ್ರಹದ ರೋಗಕ್ಕೆ ಹೇಳಿದ ಔಷಧವನ್ನು ಅಳತೆಯಿಲ್ಲದೆ ಆಟಿಕೆಗೆ ಕುಡಿಸಿ, ಇಲ್ಲದ ರೋಗವನ್ನು ತಂದುಕೊಂಡಂತಾಯಿತು.

1989ರಿಂದ ಮಾರುಕಟ್ಟೆಗೆ ಬಂದ ನಿಕ್ಕಲ್-ಲೋಹ ಹೈಡ್ರೈಡ್ ಕೋಶವು ಕ್ಯಾಡ್ಮಿಯಮ್ಮನ್ನು ಬಿಟ್ಟು, ಅದೇ ಗಾತ್ರದಲ್ಲಿ ಹೆಚ್ಚು ಸಾಮರ್ಥ್ಯವನ್ನು ತಂದಿತು. ಇದರ ವೋಲ್ಟು 1.2ರಷ್ಟೇ ಇದ್ದುದರಿಂದ ಹಳೆಯ ಪದ್ಧತಿಗಳು ಅಲ್ಪ ಬದಲಾವಣೆಯೊಡನೆ ಮುಂದುವರಿದುವು. ಪರಂಪರೆ ನಿಜವಾಗಿ ತುಂಡಾದದ್ದು ಇದಾದ ಮೇಲೆ.

5

1970ರ ದಶಕದಲ್ಲಿ ವಿಟಿಂಗ್‌ಹ್ಯಾಮ್, 1980ರಲ್ಲಿ ಗುಡ್‌ಇನಫ್, 1985ರಲ್ಲಿ ಯೋಶಿನೋ ನಡೆಸಿದ ಸಂಶೋಧನೆಗಳ ಫಲವಾಗಿ 1991ರಲ್ಲಿ ಜಪಾನಿನ ಸೋನಿ ಸಂಸ್ಥೆ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರಾಟಕ್ಕೆ ತಂದಿತು. ಆ ಮೂವರಿಗೂ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಇಂದು ಪಂದ್ಯದ ಕಾರುಗಳಲ್ಲಿಯೂ ಅಗ್ಗದ ಆಟಿಕೆಗಳಲ್ಲಿಯೂ ಈ ಜಾತಿಯ ಬ್ಯಾಟರಿಗಳೇ ಹೆಚ್ಚುತ್ತಿವೆ.

ಹೊರನೋಟಕ್ಕೆ ಇದೂ ತಂತಿ ಬಾಲದ ಒಂದು ಚಿಕ್ಕ ಕಟ್ಟು. ಒಳಗಿನ ಧರ್ಮ ಬೇರೆ. ಸಾಮಾನ್ಯ ಜಾತಿಯ ಕೋಶದ ವೋಲ್ಟು 3.7, ತುಂಬಿದಾಗ 4.2. ಅದಕ್ಕೆ ಮೇಲೆ ಏರಬಾರದು, ಸುಮಾರು 3ಕ್ಕಿಂತ ಕೆಳಗೆ ಇಳಿಯಬಾರದು. ಇದಕ್ಕೆ 'ನೆನಪಿ'ನ ಉಪದ್ರವವಿಲ್ಲವಾದ್ದರಿಂದ ಪೂರ್ಣ ವಿಸರ್ಜನೆ ನಿಷ್ಪ್ರಯೋಜಕ. ನಿಷ್ಪ್ರಯೋಜಕವಷ್ಟೇ ಅಲ್ಲ, ಹಾನಿಕರ. ತೀರ ಬರಿದಾಗಿ ಬಹುಕಾಲ ಬಿದ್ದ ಕೋಶದೊಳಗೆ ತಾಮ್ರದ ಹಾಳೆ ಕರಗತೊಡಗುತ್ತದೆ. ಅಂಥದನ್ನು ಮತ್ತೆ ತುಂಬಹೊರಟರೆ ಕರಗಿದ ತಾಮ್ರವು ಬೇಡದ ಜಾಗಗಳಲ್ಲಿ ಕೂತು ಒಳಗೇ ಧ್ರುವಗಳನ್ನು ಕೂಡಿಸಬಹುದು. ಅದರೊಳಗಿನ ದ್ರವ ಹೊತ್ತಿ ಉರಿಯತಕ್ಕದ್ದು. ದೊಡ್ಡ ಬ್ಯಾಟರಿಯಿಂದ ಕೊಡುವ ಪೆಟ್ಟಾಗಲಿ, ನಿಕ್ಕಲ್ ಕೋಶದ ಚಾರ್ಜರಾಗಲಿ, ಬಳ್ಳಾರಿಯ ಬಿಸಿಲಾಗಲಿ ಇಲ್ಲಿ ಚಿಕಿತ್ಸೆಯಲ್ಲ, ಬೆಂಕಿಗೆ ಆಹ್ವಾನ. ಉಬ್ಬಿದ ಲಿಥಿಯಂ ಕೋಶಕ್ಕೆ ಪುನರ್ಜನ್ಮವಿಲ್ಲ.

ನಾವು ಅಂದು ಆ ಬ್ಯಾಟರಿಯನ್ನು ಕಟ್ಟೆಯಿಂದ ತೆಗೆಸಿ ನೆರಳಿನಲ್ಲಿ ಇಡಿಸಿದೆವು. "ನಮ್ಮ ಕಾಲದಾಗ ಬಿಸಿಲಿಗೇ ಇಡ್ತಿದ್ವಿ ಸರ" ಎಂದರು ತಾತ. ಅವರ ಮಾತಿನಲ್ಲಿ ತಪ್ಪಿಲ್ಲ. ಅವರ ಕಾಲದ ಸೆಲ್ಲಿಗೆ ಅದು ಸರಿಯಾಗಿಯೇ ಇತ್ತು.

6

ಹಾಗಾದರೆ ಬದುಕದ ಬ್ಯಾಟರಿಯನ್ನು ಏನು ಮಾಡಬೇಕು? ಇದಕ್ಕೂ ಚರಿತ್ರೆಯಲ್ಲಿ ಒಂದು ಎಚ್ಚರಿಕೆಯುಂಟು. ಜಪಾನಿನ ಟೊಯಾಮಾ ಪ್ರಾಂತದಲ್ಲಿ ಗಣಿಗಳಿಂದ ಹೊರಟ ಕ್ಯಾಡ್ಮಿಯಂ ಜಿನ್‌ಜೂ ನದಿಯನ್ನು ಸೇರಿ, ನದಿಯಿಂದ ಗದ್ದೆಗೆ, ಗದ್ದೆಯಿಂದ ಅಕ್ಕಿಗೆ, ಅಕ್ಕಿಯಿಂದ ಜನರ ದೇಹಕ್ಕೆ ಹೋಯಿತು. ಮೂತ್ರಪಿಂಡ ಕೆಟ್ಟು, ಮೂಳೆಗಳು ಮೆದುವಾಗಿ ಮುರಿಯುವ ಆ ಯಾತನೆಗೆ 'ಇತಾಯಿ-ಇತಾಯಿ' ಎಂದು ಹೆಸರಾಯಿತು. 'ನೋವು, ನೋವು' ಎಂದು ಅದರ ಅರ್ಥ. 1968ರಲ್ಲಿ ಜಪಾನ್ ಸರ್ಕಾರವು ಅದಕ್ಕೆ ಕ್ಯಾಡ್ಮಿಯಂ ಕಾರಣವೆಂದು ಒಪ್ಪಿತು. ಒಂದು ಆಟಿಕೆಯ ಬ್ಯಾಟರಿಯನ್ನು ಒಂದು ಗಣಿಗೆ ಹೋಲಿಸುವುದು ಅತಿಶಯೋಕ್ತಿ. ಆದರೆ ದಾರಿ ಅದೇ: ನದಿ, ಕಾಲುವೆ, ಗದ್ದೆ, ಅನ್ನ. ಸಿರುಗುಪ್ಪ ಸೀಮೆಯೂ ಭತ್ತದ ಸೀಮೆ. ಇಲ್ಲಿ ಹಳೆಯ ಕಟ್ಟುಗಳನ್ನು ಕಾಲುವೆಗೆ ಎಸೆಯುವುದಾಗಲಿ ತಿಪ್ಪೆಯೊಡನೆ ಸುಡುವುದಾಗಲಿ ಸಲ್ಲದು. ಭಾರತದಲ್ಲಿ 2001ರ ನಿಯಮಗಳು ಸೀಸದ ಬ್ಯಾಟರಿಗಳಿಗೆ ಮಾತ್ರ ಅನ್ವಯಿಸುತ್ತಿದ್ದುವು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಎಲ್ಲ ಜಾತಿಯ ಬ್ಯಾಟರಿಗಳಿಗೂ ಅನ್ವಯಿಸಿ, ಹಳೆಯದನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹಳೆಯ ಟ್ರಾಕ್ಟರ್ ಬ್ಯಾಟರಿಗೆ ಸೀಸದ ಬೆಲೆ ಸಿಗುವುದರಿಂದ ಅದು ತಾನಾಗಿ ಅಂಗಡಿಗೆ ಮರಳುತ್ತದೆ. ಆಟಿಕೆಯ ಬ್ಯಾಟರಿಗೆ ಹಳ್ಳಿಯಲ್ಲಿ ಬೆಲೆ ಕಟ್ಟುವವರಿಲ್ಲ. ನಿಯಮವು ಹಳ್ಳಿಯವರೆಗೆ ನಡೆದುಬರಬೇಕಾದ ದೂರ ಅಷ್ಟಿದೆ.

ಒಟ್ಟಿನಲ್ಲಿ ನಮ್ಮ ನಿರ್ಣಯ ಇಷ್ಟು. ಬಿಸಿಲಿನ ಚಿಕಿತ್ಸೆ ಸತುವಿನ ಸೆಲ್ಲಿನ ಕಾಲದ್ದು. ಬ್ಯಾಟರಿಯನ್ನು ಬದುಕಿಸಬಹುದೆಂಬ ಭರವಸೆ ಸೀಸದ ಕಾಲದ್ದು. ವಿಸರ್ಜನೆ ಮತ್ತು ಪೆಟ್ಟು ನಿಕ್ಕಲ್-ಕ್ಯಾಡ್ಮಿಯಂ ಕಾಲದವು. ನಾಲ್ಕೂ ಇಂದು ಲಿಥಿಯಂ ಕೋಶದ ಮೇಲೆ ಒಟ್ಟಿಗೆ ಬಂದು ಬಿದ್ದಿವೆ, ಏಕೆಂದರೆ ಎಲ್ಲವನ್ನೂ ನಾವು ಒಂದೇ ಹೆಸರಿನಿಂದ ಕರೆಯುತ್ತೇವೆ. ಇತಿಹಾಸದ ವಿದ್ಯಾರ್ಥಿಗೆ ಇದು ಹೊಸ ಪಾಠವೇನೂ ಅಲ್ಲ. ಶಾಸನದಲ್ಲಿ ಕಂಡ ಒಂದು ನಾಣ್ಯದ ಅಥವಾ ಅಳತೆಯ ಹೆಸರು ಮುನ್ನೂರು ವರ್ಷ ಕಳೆದು ಮತ್ತೆ ಕಂಡರೆ, ಬೆಲೆಯೂ ಅದೇ ಎಂದು ನಾವು ಭಾವಿಸುವುದಿಲ್ಲ, ಕಾಲವನ್ನು ಕೇಳುತ್ತೇವೆ. ಮನೆಯ ಕಟ್ಟೆಯ ಮೇಲಿನ ಬ್ಯಾಟರಿಗೂ ಅದೇ ಪ್ರಶ್ನೆಯನ್ನು ಹಾಕಬೇಕು. ಅದರ ಮೈಮೇಲೆ ಬರೆದ ಎರಡು ಸಾಲು, ಯಾವ ಜಾತಿ, ಎಷ್ಟು ವೋಲ್ಟು ಎಂಬುದು, ಅದರ ಶಾಸನ. ಚಿಕಿತ್ಸೆಗೆ ಕೈಹಾಕುವ ಮುನ್ನ ಅದನ್ನು ಓದುವುದು ಎಲ್ಲರಿಗೂ ಸಾಧ್ಯ. ಕೆಂಚನಗುಡ್ಡದ ಹುಡುಗನು ಏಳನೆಯ ತರಗತಿಯಲ್ಲಿ ಓದುತ್ತಿದ್ದನು. ಆ ಎರಡು ಸಾಲುಗಳನ್ನು ನಮಗೆ ಓದಿ ಹೇಳಿದವನು ಅವನೇ.